ಚಿಕ್ಕಮ್ಮನ ಐದು ಗೇರಿನ ಸಂಸಾರ

ಐವತ್ತು ದಾಟಿದ ಹೆಂಗಸರು ಮಂಡಿ ಬದಲಾಯಿಸಿಕೊಂಡದ್ದನ್ನು ಕೇಳಿದ್ದೇನೆ. ಮನೆ, ಕನ್ನಡಕ, ಗುರುಗಳು, ಇವನ್ನೆಲ್ಲ ಬದಲಾಯಿಸಿದವರೂ ನಮ್ಮ ನೆಂಟರಲ್ಲೇ ಇದ್ದಾರೆ. ಆದರೆ ಗೇರ್‌ಬಾಕ್ಸ್ ಬದಲಾಯಿಸಿದವರು ನಮ್ಮ ಚಿಕ್ಕಮ್ಮ ಒಬ್ಬರೇ.

ದಿಲ್ಲಿಯಲ್ಲಿ ಎಲ್ಲಿ ನೋಡಿದರೂ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ನಾನು ಮುನಿರ್ಕಾದ ಒಂದು ಕೋಣೆಯಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದೆ, ಮಾಡುತ್ತಿದ್ದೇನೆಂದು ಊರಿಗೆ ಹೇಳುತ್ತಿದ್ದೆ ಎಂದರೆ ಇನ್ನೂ ಸರಿ. ಭಾನುವಾರ ಬಂತೆಂದರೆ ಸಾರಿನ ಆಸೆಗೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ಗೆ ಓಡುತ್ತಿದ್ದೆ. ಅಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೇ. ಚಿಕ್ಕಪ್ಪ ಕೇಂದ್ರ ಸರ್ಕಾರದ ಅಧಿಕಾರಿ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಚಿಕ್ಕಮ್ಮ ಶಾಲೆಯಲ್ಲಿ ಗಣಿತದ ಟೀಚರು.

ತಿಂಗಳಿಗೊಂದು ಭಾನುವಾರ ಮಾತ್ರ ಆ ಮನೆಯಲ್ಲಿ ಸಾರು ಇರುತ್ತಿರಲಿಲ್ಲ. ಅವತ್ತು ಟ್ರ್ಯಾಕ್ ಡೇ. ಗುಡಗಾಂವ್‌ನ ಆಚೆ ಯಾವುದೋ ಮುಚ್ಚಿಹೋದ ಕಾರ್ಖಾನೆಯ ಡಾಂಬರು ಮೈದಾನವಿತ್ತು. ಕಾರಿನ ಹುಚ್ಚಿನವರು ಅಲ್ಲಿ ಸೇರಿ, ಹಳೆಯ ಟಯರುಗಳನ್ನು ಜೋಡಿಸಿ ಟ್ರ್ಯಾಕ್ ಮಾಡಿ, ಒಬ್ಬೊಬ್ಬರಾಗಿ ವೇಗವಾಗಿ ಒಂದು ಸುತ್ತು ಹೊಡೆಯುತ್ತಿದ್ದರು. ಎಲ್ಲರೂ ಇಪ್ಪತ್ತೈದರ ಆಸುಪಾಸಿನ ಹುಡುಗರು, ಅಪ್ಪಂದಿರ ಹೊಳೆಯುವ ಕಾರುಗಳು. ಅವರ ನಡುವೆ ಸಲ್ವಾರ್ ಕಮೀಜಿನ ನಮ್ಮ ಚಿಕ್ಕಮ್ಮ, ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದ ಜಡೆ, ಹದಿನಾರು ವರ್ಷದ ಪುಟ್ಟ ಕಾರು. ಮೊದಲ ಸಲ ಅವರ ಕಾರು ಕೀಚೆಂದು ತಿರುಗಿದ್ದನ್ನು ನೋಡಿದಾಗ ನನ್ನ ಕೈಯಲ್ಲಿದ್ದ ಚಹಾ ಪಕ್ಕದವನ ಷೂ ಮೇಲೆ ಬಿತ್ತು. ಅವನೂ ಗಮನಿಸಲಿಲ್ಲ.

ಚಿಕ್ಕಪ್ಪ ಆ ಕಾರಿಗೆ ಹತ್ತುತ್ತಿರಲಿಲ್ಲ. ಕಾರು ಕೊಂಡ ಹೊಸದರಲ್ಲಿ ಒಮ್ಮೆ ಜನಕಪುರಿಯ ಗೃಹಪ್ರವೇಶಕ್ಕೆ ಹೆಂಡತಿಯ ಪಕ್ಕದಲ್ಲಿ ಕೂತು ಹೋದವರು, ಒಬ್ಬರೇ ಬಸ್ಸಿನಲ್ಲಿ ವಾಪಸಾದರು. ಏನಾಯಿತೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಅಂದಿನಿಂದ ಅವರಿಗೆ ಬಸ್ಸೇ ಗತಿ.

ಹೀಗಿರುವಾಗ ಒಂದು ಭಾನುವಾರ ಹೋಗಿ ನೋಡುತ್ತೇನೆ, ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿದೆ. ಅದರ ಮೇಲೆ ಕರೀ ಎಣ್ಣೆ ಒಸರುತ್ತ ಕುರಿಮರಿಯಷ್ಟು ದೊಡ್ಡ ಲೋಹದ ಮುದ್ದೆಯೊಂದು ಕೂತಿದೆ!

"ಚಿಕ್ಕಮ್ಮ, ಏನಿದು?"

"ಗೇರ್‌ಬಾಕ್ಸು. ಮಾಯಾಪುರಿ ಗುಜರೀಲಿ ಸಿಕ್ತು. ಆಟೋದಲ್ಲಿ ತೊಡೆ ಮೇಲಿಟ್ಕೊಂಡು ತಂದೆ."

"ಊಟ?"

"ಅಡುಗೆಮನೇಲಿ ನಿಂತ್ಕೊಂಡು ತಿನ್ನು."

ಚಿಕ್ಕಪ್ಪ ಆಗಲೇ ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದರು. "ಮಾರ್ಚಿಗೆ ನನ್ನ ರಿಟೈರ್ಮೆಂಟು" ಎಂದರು ನನಗೆ ಮಾತ್ರ ಕೇಳುವಂತೆ. "ಮೈಸೂರಿಗೆ ಹೋಗೋದು. ಅಲ್ಲಿನ ಗಲ್ಲಿಗೆ ಸ್ಕೂಟರೇ ಕಷ್ಟ. ಕಾರು ಮಾರ್ತೀವಿ."

ಮಾರುವ ಕಾರಿಗೆ ಗೇರ್‌ಬಾಕ್ಸೇ? ನಾನು ಹೊರಗೆ ಬಂದು ಕೇಳಿಯೇಬಿಟ್ಟೆ.

"ಇನ್ನೂ ಮೂರು ಟ್ರ್ಯಾಕ್ ಡೇ ಇದೆ" ಎಂದರು ಚಿಕ್ಕಮ್ಮ, ಮೂರು ಜನ್ಮ ಇದೆ ಎನ್ನುವ ಧಾಟಿಯಲ್ಲಿ. "ನೋಡು, ನನ್ನ ಕಾರಿಗೆ ನಾಲ್ಕೇ ಗೇರು. ತಿರುವಿನಲ್ಲಿ ಎರಡನೇದು ಹಾಕಿದ್ರೆ ಕಿರಿಚತ್ತೆ, ಮೂರನೇದು ಹಾಕಿದ್ರೆ ತೂಕಡಿಸತ್ತೆ. ಇದಕ್ಕೆ ಐದು. ಮೆಟ್ಟಿಲು ಹತ್ತಿರ ಹತ್ತಿರ ಇದ್ರೆ ಓಡ್ಕೊಂಡು ಹತ್ತಬಹುದೋ ಇಲ್ವೋ?"

ನನ್ನ ಪಿಎಚ್.ಡಿ. ಗೈಡು ಇಷ್ಟು ಸ್ಪಷ್ಟವಾಗಿ ಏನನ್ನೂ ವಿವರಿಸಿದವರಲ್ಲ.

ಮುಂದಿನ ವಾರ ಗ್ಯಾರೇಜಿಗೆ ನನ್ನನ್ನೂ ಎಳೆದುಕೊಂಡು ಹೋದರು. ಮೆಕ್ಯಾನಿಕ್ ಭಯ್ಯಾ ಕಾರಿನ ಕೆಳಗೆ ಮಲಗಿದ್ದ. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆ ತಿದ್ದುತ್ತ, ನಡುನಡುವೆ ಬಗ್ಗಿ ಕೆಳಗೆ ನೋಡಿ ಅವನನ್ನೂ ತಿದ್ದುತ್ತಿದ್ದರು. ಪ್ರತಿ ಗೇರಿನ ಹಲ್ಲುಗಳನ್ನು ಅವನ ಕೈಲಿ ಎರಡೆರಡು ಸಲ ಎಣಿಸಿಸಿದರು. ಮೂರನೇ ಸಲಕ್ಕೆ ಅವನು ತಲೆ ಹೊರಗೆ ಹಾಕಿದ.

"ಮೇಡಂಜೀ, ಆಪ್ ಪಢಾತೀ ಕ್ಯಾ ಹೈಂ?" ತಾವು ಕಲಿಸುವುದಾದರೂ ಏನನ್ನು ಎಂದು ಅವನ ಪ್ರಶ್ನೆ.

"ಮ್ಯಾಥ್ಸ್."

"ಅಚ್ಛಾ" ಎಂದು ನಿಟ್ಟುಸಿರುಬಿಟ್ಟು ಮತ್ತೆ ಒಳಗೆ ಹೋದ.

ಸಂಜೆ ಕಾರು ಸಿದ್ಧವಾಯಿತು. ಹೊಸ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಇದ್ದದ್ದು ಒಂದನೇ ಗೇರಿನ ಪಕ್ಕದಲ್ಲೇ. ಇದು ನಮಗೆ ತಿಳಿದದ್ದು ಸಿಗ್ನಲ್ಲಿನಲ್ಲಿ. ಹಸಿರು ದೀಪ ಬಿತ್ತು, ಇಡೀ ದಿಲ್ಲಿ ಮುಂದೆ ಹೋಯಿತು, ನಾವು ಹಿಂದೆ ಹೋದೆವು. ಹಿಂದಿದ್ದ ಟ್ರಾಫಿಕ್ ಪೊಲೀಸಿನವನ ಮೋಟರ್‌ಸೈಕಲ್ಲಿಗೆ ಒಂದು ಗೇಣು ಉಳಿದಿರುವಾಗ ಕಾರು ನಿಂತಿತು. ಅವನು ನಿಧಾನವಾಗಿ ಕಿಟಕಿಯ ಬಳಿ ಬಂದ.

"ಆಂಟಿಜೀ, ಲೈಸೆನ್ಸ್ ಹೈ?"

"ಇಪ್ಪತ್ತೆರಡು ವರ್ಷದಿಂದ ಇದೆ" ಎಂದರು ಚಿಕ್ಕಮ್ಮ ಹಿಂದಿಯಲ್ಲಿ.

"ತೋ ಪೀಛೇ ಕ್ಯೂಂ ಜಾ ರಹೀ ಹೈಂ?" ಮತ್ತೆ ಹಿಂದಕ್ಕೆ ಯಾಕೆ ಹೋಗುತ್ತಿದ್ದೀರಿ ಎಂದ.

ಚಿಕ್ಕಮ್ಮ ಅವನಿಗೂ ಮೆಟ್ಟಿಲಿನ ಉದಾಹರಣೆ ಕೊಟ್ಟರು. ದೀಪ ಮತ್ತೆರಡು ಸಲ ಹಸಿರಾಯಿತು. ಕೊನೆಗೆ ಅವನೇ ಕೈಮುಗಿದು, ದಾರಿ ಬಿಡಿಸಿ ಕಳಿಸಿದ.

ಮೂರನೆಯ, ಅಂದರೆ ಕೊನೆಯ ಟ್ರ್ಯಾಕ್ ಡೇ. ನಾನು ಚಹಾ ಕೆಳಗಿಟ್ಟೇ ನೋಡಿದೆ. ಚಿಕ್ಕಮ್ಮ ತಮ್ಮ ಹಿಂದಿನ ಎಲ್ಲ ಸುತ್ತುಗಳಿಗಿಂತ ಮೂರು ಸೆಕೆಂಡು ಬೇಗ ಮುಗಿಸಿದರು. ಹುಡುಗರು ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲಿ ಆಟೋ ಒಂದು ಬಂದು ನಿಂತದ್ದನ್ನು ನಾವು ನೋಡಿರಲಿಲ್ಲ. ಕಿದ್ವಾಯಿ ನಗರದಿಂದ ಅಷ್ಟು ದೂರ ಆಟೋದಲ್ಲೇ ಬಂದಿದ್ದ ಚಿಕ್ಕಪ್ಪ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟಯರುಗಳ ಸುತ್ತ ಬಳಸಿಕೊಂಡು ಕಾರಿನ ಬಳಿ ಹೋದರು.

"ನಾನೂ ಒಂದು ಸುತ್ತು ಬರ್ಲಾ?"

ನಮಗೆಲ್ಲ ವರ್ಷಗಟ್ಟಲೆ ಆಘಾತ ಕೊಟ್ಟ ಚಿಕ್ಕಮ್ಮ, ಅವತ್ತು ಬಾಯಿ ತೆರೆದುಕೊಂಡು ನಿಂತರು. ಯಾರದೋ ಹೆಲ್ಮೆಟ್ಟುಗಳು ಬಂದವು. ಚಿಕ್ಕಪ್ಪ ಮುಂದೆ, ನಾನು ಹಿಂದೆ ಕೂತೆವು.

ಒಂದನೇ ಗೇರು, ಎರಡನೇ ಗೇರು. ಬೆಣ್ಣೆಯ ಹಾಗೆ ಬಿತ್ತು. ಆಗ ಚಿಕ್ಕಪ್ಪ ಗೇರಿನ ಮೇಲಿದ್ದ ಚಿಕ್ಕಮ್ಮನ ಕೈಯ ಮೇಲೆ ತಮ್ಮ ಕೈ ಇಟ್ಟರು. ಭಯಕ್ಕಿರಬಹುದು ಎಂದುಕೊಂಡೆ. ಕನ್ನಡಿಯಲ್ಲಿ ಚಿಕ್ಕಪ್ಪನ ಮುಖ ಕಂಡಿತು, ಭಯವಿರಲಿಲ್ಲ.

ಕಾರು ಕಿರಿಚತೊಡಗಿತು. ಮೂರನೇ ಗೇರು ಹಾಕುವ ಹೊತ್ತು ಕಳೆದೇಹೋಯಿತು. ಹಾಕಬೇಕೆಂದರೆ ಚಿಕ್ಕಪ್ಪನ ಕೈಯ ಕೆಳಗಿನ ಕೈ ಆಡಿಸಬೇಕು. ಹಲ್ಲು ಎಣಿಸಿ ಎಣಿಸಿ ಕೂಡಿಸಿದ್ದ ಐದು ಗೇರಿನ ಆ ಕಾರನ್ನು ಚಿಕ್ಕಮ್ಮ ಆ ಸುತ್ತು ಪೂರ್ತಿ ಎರಡನೇ ಗೇರಿನಲ್ಲೇ ಓಡಿಸಿದರು.