ಆನೆ ಬಂದೀತು ಎಂದು ಹೆದರಿದ ಮನೆ

ಗಂಭೀರವಾದ ಕೆಲಸಕ್ಕೆ ಹೊರಟವರ ಕಾಲಿಗೇ ನಗು ತೊಡರಿಕೊಳ್ಳುತ್ತದೆ, ಇದಕ್ಕೆ ನಾನೇ ಸಾಕ್ಷಿ. ಮುಳ್ಳನ್‌ಕೊಲ್ಲಿ ಕಡೆಯ, ಅಂದರೆ ಕನ್ನಡದ ಗಡಿಗೆ ತಾಗಿದ ಮಲಯಾಳಂ ಸೀಮೆಯ, ಒಂದು ಶಾಲೆಯಲ್ಲಿ ನಾನು ಕೌನ್ಸೆಲರ್. ಮಕ್ಕಳು ಕಷ್ಟ ಹೇಳಿಕೊಳ್ಳಲು ಬರುವ ಕೋಣೆ ನನ್ನದು. ಈಚೆಗೆ ಆ ಕಷ್ಟಗಳಲ್ಲಿ ವೇಪ್ ಕೂಡ ಸೇರಿದೆ. ಪೆನ್ನಿನಂತೆ ಕಾಣುವ, ಬಾಯಿಗಿಟ್ಟು ಎಳೆದರೆ ಬ್ಯಾಟರಿಯಿಂದ ಬಿಸಿಯಾಗಿ ಹಣ್ಣಿನ ವಾಸನೆಯ ಹೊಗೆ ಬಿಡುವ ಈ ಸಾಮಾನನ್ನು ಕಾನೂನು ಬೇಡವೆಂದಿದ್ದರೂ ಅದು ಹೇಗೋ ಮಕ್ಕಳ ಕೈಗೆ ಬರುತ್ತದೆ.

ಬರೆಯದ ಪೆನ್ನು

ಮೈದಾನದಲ್ಲಿ ಬಿದ್ದಿದ್ದ ಒಂದು ವೇಪನ್ನು ಪ್ಯೂನ್ ಪೆನ್ನೆಂದುಕೊಂಡು ಹೆಡ್‌ಮಾಷ್ ಮೇಜಿನ ಮೇಲಿಟ್ಟಿದ್ದ. ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸಿನ ಹುಡುಗಿಯೊಬ್ಬಳು ರಜೆಚೀಟಿಗೆ ಸಹಿ ಹಾಕಿಸಿಕೊಳ್ಳಲು ಬಂದಳು. ಮಾಷ್ ಅದನ್ನೇ ಎತ್ತಿಕೊಂಡು ಸಹಿ ಹಾಕಲು ನೋಡಿದರು. ಕೊಡವಿದರು, ತುದಿಗೆ ಬಾಯಿಂದ ಊದಿದರು, ಈಗಿನ ಕಂಪನಿಗಳನ್ನೆಲ್ಲ ಬೈದರು. ಪಾಪ, ಹುಡುಗಿಗೆ ನೋಡಲಾಗಲಿಲ್ಲ.

"ಮಾಷೇ, ಅದು ಬರೆಯಲ್ಲ. ಚಾರ್ಜ್ ಮಾಡ್ಬೇಕು" ಅಂದಳು.

ಅಂದ ಮೇಲೆ ತಾನೇನು ಅಂದೆ ಎಂದು ಅವಳಿಗೆ ಹೊಳೆಯಿತು. ಪಕ್ಕದಲ್ಲೇ ಇದ್ದ ನನಗೂ ಹೊಳೆಯಿತು. ಮಾಷ್‌ಗೆ ಮಾತ್ರ ಹೊಳೆಯಲಿಲ್ಲ, ಅವರು ಸ್ಟಾಫ್ ರೂಮಿನಿಂದ ಚಾರ್ಜರ್ ತರಿಸಿದರು.

ಮಲಯಾಳಂ ಪೀರಿಯಡ್

ಅವಳನ್ನು ಕೋಣೆಗೆ ಕರೆದು ಚಹಾ ಕೊಟ್ಟೆ. ಬೈಯಲಿಲ್ಲ. ಮನೆಯಲ್ಲಿ ಕನ್ನಡ ಆಡುವವಳಾದ್ದರಿಂದ ನಾನೂ ಕನ್ನಡದಲ್ಲೇ ಮಾತಾಡಿಸಿದೆ, ಅಷ್ಟಕ್ಕೇ ಅಳು ಬಂತು. ಗೆಳತಿಯರ ಜೊತೆ ತಮಾಷೆಗೆ ಶುರುವಾಗಿದ್ದಂತೆ. ಬರೀ ಹಬೆ ಅಂದುಕೊಂಡಿದ್ದಳು. ಈಗ ಒಂದು ಪೀರಿಯಡ್ ಪೂರ್ತಿ ಕೂರಲಾಗುವುದಿಲ್ಲ, ಬಿಡಬೇಕೆಂದರೂ ಆಗುತ್ತಿಲ್ಲ. ಅದರಲ್ಲಿರುವುದು ಹಬೆಯಲ್ಲ, ನಿಕೋಟಿನ್, ತಂಬಾಕಿನಲ್ಲಿರುವುದೇ ಎಂದು ಹೇಳಿದೆ. ಬೇಕೆನಿಸಿದಾಗ ಸ್ವಲ್ಪ ಹೊತ್ತು ತಡೆದರೆ ಆ ಆಸೆ ತಾನಾಗಿ ಇಳಿಯುತ್ತದೆ, ಅಷ್ಟರವರೆಗೆ ನೀರು ಕುಡಿ, ನಡೆದಾಡು, ಬಾಯಿಗೆ ಏನಾದರೂ ಹಾಕಿಕೋ, ಆಗದಿದ್ದರೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಮನೆಯಲ್ಲಿ ಒಬ್ಬರಿಗಾದರೂ ಹೇಳು, ಒಬ್ಬಳೇ ಬಿಡುವುದು ಕಷ್ಟ ಎಂದೂ ಹೇಳಿದೆ. ಅದಕ್ಕೆ ಮಾತ್ರ ಆಗಲ್ಲವೆಂದು ತಲೆಯಾಡಿಸಿಬಿಟ್ಟಳು. ಅಮ್ಮ ತೀರಿಹೋದ ಮೇಲೆ ಅವಳನ್ನು ಸಾಕಿದ್ದು ಅಜ್ಜಿ. ಅಜ್ಜಿಗೆ ಗೊತ್ತಾದರೆ ತನ್ನ ಮುಖ ನೋಡುವುದಿಲ್ಲ ಎಂಬ ಭಯ.

ಬಾಯಿಗೆ ಹಾಕಿಕೊಳ್ಳಲು ಏಲಕ್ಕಿಯನ್ನೋ ಸೋಂಪನ್ನೋ ತರುತ್ತಾಳೆ ಅಂದುಕೊಂಡಿದ್ದೆ. ಇವಳು ಅಂಗಳದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸನ್ನೇ ಜೇಬಿಗೆ ತುಂಬಿಕೊಂಡು ಬಂದಳು, ಅದೇ ಕಷ್ಟದಲ್ಲಿದ್ದ ಗೆಳತಿಯರಿಗೂ ಹಂಚಿದಳು. ಮಧ್ಯಾಹ್ನ ಮಲಯಾಳಂ ಟೀಚರ್ ಕಣ್ಣೊರೆಸಿಕೊಳ್ಳುತ್ತ ಸ್ಟಾಫ್ ರೂಮಿಗೆ ಬಂದರು. ಇಷ್ಟು ವರ್ಷ ಪಾಠ ಮಾಡಿದ್ದಾರಂತೆ, ಒಂದು ಕವಿತೆಗೆ ಹಿಂದಿನ ಬೆಂಚು ಪೂರ್ತಿ ಅತ್ತಿದ್ದು ಇದೇ ಮೊದಲಂತೆ. ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ.

ಹೊತ್ತಲ್ಲದ ಹೊತ್ತಿನ ಮಾವು

ನಮ್ಮ ಕಡೆ ಮನೆಯ ಹತ್ತಿರ ಹಲಸು, ಮಾವು ಹಣ್ಣಾಗಲು ಯಾರೂ ಬಿಡುವುದಿಲ್ಲ. ವಾಸನೆ ಹಿಡಿದು ಆನೆ ಬರುತ್ತದೆ. ಅದೊಂದು ಶನಿವಾರ ಹುಡುಗಿಯ ಫೋನ್ ಬಂತು, ಒಮ್ಮೆ ಮನೆಗೆ ಬನ್ನಿ ಟೀಚರೇ ಎಂದು. ಸಂಜೆಗೆ ಹೋದೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಅವತ್ತು ಒಲೆಯೇ ಹತ್ತಿರಲಿಲ್ಲ. ಅಜ್ಜಿ ಅಟ್ಟದ ಮೇಲಿನ ಬುಟ್ಟಿಗಳನ್ನೆಲ್ಲ ಕೆಳಗಿಳಿಸಿ ಹುಡುಕುತ್ತಿದ್ದರು. ಕಾವಲು ಕೂರಲು ಅಪ್ಪ ಪಟಾಕಿ ಹಿಡಿದು ಮರದ ಮೇಲಿನ ಅಟ್ಟಣೆ ಹತ್ತಿದ್ದರು. ನೆರೆಯವರು ಬಡಿದು ಸದ್ದು ಮಾಡಲು ತಗಡಿನ ಡಬ್ಬ ತಂದಿದ್ದರು.

"ಮಾವು ಹೂವೇ ಬಿಟ್ಟಿಲ್ಲ ಟೀಚರೇ. ಆದ್ರೂ ಮನೆ ಒಳಗೆ ಹಣ್ಣಿನ ವಾಸನೆ. ಆನೆಗೆ ಗೊತ್ತಾದ್ರೆ ಗೋಡೆ ಉಳಿಯಲ್ಲ" ಎಂದರು ಅಜ್ಜಿ.

ಹುಡುಗಿ ಹಿಂದಿನ ದಿನ ಸೋತು ಮನೆಯೊಳಗೇ ಮತ್ತೆ ವೇಪ್ ಎಳೆದಿದ್ದಳು. ಮರದ ಮೇಲೆ ಚಳಿಗೆ ಮುದುಡಿ ಕೂತ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಅದನ್ನು ತಂದು ಅಜ್ಜಿಯ ಕೈಗಿಟ್ಟಳು. ಎಲ್ಲ ಹೇಳಿದಳು. ಅಜ್ಜಿ ಮೂಸಿ ನೋಡಿದರು.

"ಬಿಡೋಕೆ ಆಗ್ತಿಲ್ವಾ ಮಗಾ?"

"ಒಬ್ಳಿಂದ ಆಗ್ತಿಲ್ಲ ಅಜ್ಜಿ."

ಅಜ್ಜಿ ಅವಳ ತಲೆಯನ್ನು ಎದೆಗೊತ್ತಿಕೊಂಡು ನನಗೆ ಹೇಳಿದರು: "ಅವ್ನಿಗೆ ಇಳಿಯೋಕೆ ಹೇಳಿ ಟೀಚರೇ. ಆನೆ ಯಾವತ್ತೋ ಒಳಗೆ ಬಂದಾಗಿದೆ."

ಸಂಜೆಯ ನಡಿಗೆ

ಡಾಕ್ಟರ ಹತ್ತಿರ ಅಜ್ಜಿಯೇ ಕರೆದುಕೊಂಡು ಹೋದರು. ಔಷಧಿಗಿಂತ ಅವರಿಗೆ ಹಿಡಿಸಿದ್ದು ನಡಿಗೆ. ಮೊಮ್ಮಗಳಿಗೆ ಬೇಕೆನಿಸಿದ ತಕ್ಷಣ ಅವಳ ಕೈ ಹಿಡಿದು ಕಾಫಿ ತೋಟದೊಳಗೆ ಹೊರಟುಬಿಡುತ್ತಿದ್ದರು. ಹೆಚ್ಚಾಗಿ ಸಂಜೆಗೇ ಅವಳಿಗೆ ಬೇಕೆನಿಸುತ್ತಿತ್ತು. ಮೊದಮೊದಲು ನೋಯುವ ತಮ್ಮ ಮೊಣಕಾಲು ಹಿಡಿದುಕೊಂಡು, "ನಾಳೆ ಒಂಚೂರು ಕಮ್ಮಿ ಬೇಕು ಅನ್ನಿಸ್ಕೋ ಮಗಾ" ಎಂದು ಬೇಡಿಕೊಳ್ಳುತ್ತಿದ್ದರಂತೆ.

ಪರೀಕ್ಷೆ ಮುಗಿಯುವ ಹೊತ್ತಿಗೆ ಹುಡುಗಿ ನನ್ನ ಕೋಣೆಗೆ ಬಂದಳು. ಮುಖ ಸಪ್ಪಗಿತ್ತು. ಮತ್ತೆ ಶುರುವಾಯಿತಾ ಎಂದು ಕೇಳಿದೆ.

"ಅದಲ್ಲ ಟೀಚರೇ. ನಂಗೀಗ ಬೇಕು ಅಂತ್ಲೇ ಅನ್ನಿಸ್ತಿಲ್ಲ" ಎಂದಳು.

ಮತ್ತೆ ಈ ಮುಖ ಯಾಕೆ ಎಂದೆ.

"ಸಂಜೆ ಆದ್ರೆ ಅಜ್ಜಿ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಅದಕ್ಕೇ ದಿನಾ ಸುಳ್ಳು ಹೇಳ್ತಿದ್ದೀನಿ, ತುಂಬಾ ಬೇಕು ಅನ್ನಿಸ್ತಿದೆ ಅಜ್ಜಿ, ನಡೀರಿ ಹೋಗೋಣ ಅಂತ."