ಸೇನಾಪತಿ ಬಿಟ್ಟ ಎರಡನೆಯ ಚರಣ

ನಮ್ಮವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಆದ್ದರಿಂದ ಅವರ ಮೇಲೆ ದೂರು ಹೇಳಿದರೆ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಕನಿಕರಪಡುವುದಿಲ್ಲ.

ನನ್ನ ಗಂಡ ಸಂಗಪ್ಪನವರಿಗಿರುವುದು ಕಂಪನಿ ನಾಟಕದ ಹುಚ್ಚು. ಚೋರ್ ಬಜಾರಿನಿಂದ ಟೆಂಪೋದಲ್ಲಿ ತಂದ ಕಾಲುಪೇಟಿಯೊಂದು (ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ) ನಮ್ಮ ಮುಂದಿನ ಕೋಣೆಯನ್ನು ಆಕ್ರಮಿಸಿದೆ. ದಿನಾ ಬೆಳಿಗ್ಗೆ ಅದರ ಮುಂದೆ ಕುಳಿತು ಇವರು ರಣರಂಗದಲ್ಲಿ ಮಡಿಯುತ್ತಾರೆ. ಹಾಡು ಒಂದೇ. ಎದೆಗೆ ಭರ್ಜಿ ನೆಟ್ಟ ಸೇನಾಪತಿ ಮೊದಲ ಚರಣದಲ್ಲಿ ನಾಡಿಗೆ, ಎರಡನೆಯದರಲ್ಲಿ ತಾಯಿಗೆ, ಮೂರನೆಯದರಲ್ಲಿ ಕುದುರೆಗೆ ವಿದಾಯ ಹೇಳುತ್ತಾನೆ. ನಾನು ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ತೂತುಬಿದ್ದ ಶ್ವಾಸಕೋಶದಿಂದ ತಾರಷಡ್ಜದಷ್ಟು ಎತ್ತರದ ಸ್ವರ ಹೊರಡುವುದಿಲ್ಲವೆಂದು ಮದುವೆಯಾದಂದಿನಿಂದ ಹೇಳುತ್ತಿದ್ದೇನೆ.

ಕಳೆದ ತಿಂಗಳು ಧಾರವಾಡದ ಕಡೆಯ ಕಂಪನಿಯೊಂದು ಆ ಹಾಡಿರುವ ನಾಟಕವನ್ನೇ ನಮ್ಮ ಹತ್ತಿರದ ಸಭಾಗೃಹಕ್ಕೆ ತಂದಿತು. ಮೆಚ್ಚಿದ ಹಾಡಿಗೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗುವುದು, ಸತ್ತವನೂ ಎದ್ದು ಮತ್ತೆ ಹಾಡಿ ಮತ್ತೆ ಸಾಯುವುದು ಕಂಪನಿ ನಾಟಕದ ಸಂಪ್ರದಾಯ. ಹಿಂದೊಮ್ಮೆ ಇವರ ಕೂಗಿಗೆ ಒಬ್ಬ ರಾಜ ಮೂರು ಸಲ ಸತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿಗಳೂ ಬರುವವರಿದ್ದರು, ಮಾನದ ಪ್ರಶ್ನೆ.

"ನೀವು ಒಮ್ಮೆ ಒದರಿದ್ರೂ ಈ ಪೇಟಿ ಕನ್ನಡ ಸಂಘಕ್ಕ ದಾನ," ಎಂದೆ.

"ಒದರಲಿಲ್ಲಂದ್ರ?"

"ಇಲ್ಲೇ ಇರ್ತದ. ನೀವು ಎಷ್ಟ ಹಾಡಿದ್ರೂ ನಾ ಬಾಯಿ ಮಾಡೂದಿಲ್ಲ."

"ಪ್ರೊಫೆಸರ್ ಬಾಯಿ ಮಾಡೂದಿಲ್ಲ! ಹಂಗಾರ ನಾ ಉಸಿರೂ ಬಿಡೂದಿಲ್ಲ, ತಗೋ."

ನಾಟಕದಲ್ಲಿ ನಮ್ಮವರು ಶಿಲೆಯಂತೆ ಕುಳಿತಿದ್ದರು. ಕೊನೆಯ ಅಂಕದಲ್ಲಿ ಸೇನಾಪತಿ ಪಾತ್ರದ ಶೆಟ್ಟೆಪ್ಪ ಭರ್ಜಿ ಚುಚ್ಚಿಸಿಕೊಂಡು ಬಿದ್ದು ಹಾಡತೊಡಗಿದಾಗ ಕರ್ಚೀಫನ್ನು ಬಾಯಿಗೆ ತುರುಕಿಕೊಂಡರು.

"ಮೇಡಮ್, ನಿಮ್ಮೋರಿಗೆ ಹುಷಾರಿಲ್ವಾ ಮಾರಾಯ್ರೆ? ಮುಖ ಟೊಮೆಟೊ ಆಗಿದೆ," ಎಂದು ಪಕ್ಕದಲ್ಲಿದ್ದ ವಾರಿಜಾ ಪಿಸುಗುಟ್ಟಿದಳು. (ಉಡುಪಿಯವಳು, ನಮ್ಮ ಗೋಡೆಯಾಚೆಯ ನೆರೆಯವಳು.)

ಶೆಟ್ಟೆಪ್ಪ ನಾಡಿಗೆ ವಿದಾಯ ಹೇಳಿದ. ಅಲ್ಲಿಂದ ನೇರ ಕುದುರೆಗೆ ಹಾರಿದ. ಸತ್ತ.

ಜನ ಸಭ್ಯವಾಗಿ ಚಪ್ಪಾಳೆ ತಟ್ಟಿ ಮೊಬೈಲ್ ತೆಗೆದರು. ಒಬ್ಬರೂ ಕೂಗಲಿಲ್ಲ. ಹೆಣ ಒಂದು ಕಣ್ಣು ತೆರೆದು ಸಭೆಯತ್ತ ನೋಡುತ್ತ ಕಾಯುತ್ತಿತ್ತು. ಸಂಗಪ್ಪನವರ ಕಣ್ಣಲ್ಲಿ ನೀರು. ಎರಡೂ ಕೈ ಕುರ್ಚಿಯನ್ನು ಹಿಡಿದಿದ್ದವು.

ಕುದುರೆಗೆ ಹೇಳಿಹೋಗಲು ಪುರುಸೊತ್ತಿದೆ, ಹೆತ್ತವಳಿಗೆ ಇಲ್ಲ! ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ನನಗೆ, ನಡುವಿನ ಪ್ರಶ್ನೆ ಹಾರಿಸಿ ಪಾಸಾಗಲು ನೋಡುವವರನ್ನು ಕಂಡರಾಗದು. ಸಭೆಯಲ್ಲಿ ಯಾರೋ ಎದ್ದು ನಿಂತರು. ನೋಡಿದರೆ ನಾನೇ.

"ವನ್ಸ್ ಮೋರ್! ತಾಯಿ ಚರಣ ಎಲ್ಲಿ ಹೋತು? ಏಳ್ರಿ ಮ್ಯಾಲೆ! ಪೂರಾ ಹಾಡಿ ಸಾಯ್ರಿ!"

ಹೆಣ ಚಂಗನೆ ಎದ್ದು ನನಗೆ ಕೈಮುಗಿಯಿತು. "ಅಪ್ಪಣೆ ತಾಯೀ!" ಎಂದು, ಭರ್ಜಿಯನ್ನು ಸರಿಮಾಡಿಕೊಂಡು, ಮೂರೂ ಚರಣ ಹಾಡಿ ಸಕ್ರಮವಾಗಿ ಸತ್ತಿತು. ನನ್ನ ವಿದ್ಯಾರ್ಥಿಗಳು ಶಿಳ್ಳೆ ಹೊಡೆದರು. ಕಂಪನಿಯವರು ಮಹಾರಸಿಕಳೆಂದು ನನಗೆ ಹಾರ ಹಾಕಿದರು.

ಹೊರಗೆ ಬಂದಮೇಲೆ ಸಂಗಪ್ಪನವರು ಬಾಯಿಂದ ಕರ್ಚೀಫ್ ತೆಗೆದರು.

"ನಾ ಒದರಲಿಲ್ಲ ನೋಡು."

"ಗೊತ್ತದ."

"ಅಲ್ಲಾ, ದಿನಾ ಮುಂಜಾನೆ ಕಿವ್ಯಾಗ ಹತ್ತಿ ಇಟ್ಕೋತೀನಿ ಅಂತಿದ್ದಿ. ನಡುವಿನ ಚರಣ ಬಿಟ್ಟಿದ್ದು ಹೆಂಗ ತಿಳೀತು?"

ನನಗೆ ಟ್ಯಾಕ್ಸಿ ಹುಡುಕುವ ಕೆಲಸವಿತ್ತು.

ಕಾಲುಪೇಟಿ ಈಗ ಕಿಟಕಿಯ ಪಕ್ಕದ ಒಳ್ಳೆಯ ಜಾಗಕ್ಕೆ ಬಡ್ತಿ ಪಡೆದಿದೆ. ಒಪ್ಪಂದದಂತೆ ನಾನು ಬಾಯಿ ಮಾಡಬಾರದು. ಸಂಗಪ್ಪನವರು ನಾಡಿಗೆ ವಿದಾಯ ಹೇಳಿ, ಬೇಕೆಂದೇ ಕುದುರೆಗೆ ಹಾರಿ, ಪೇಟಿಯ ಮೇಲೆ ತಲೆಯಿಟ್ಟು ಸಾಯುತ್ತಾರೆ. ಒಂದು ಕಣ್ಣು ಮಾತ್ರ ತೆರೆದು ಅಡುಗೆಮನೆಯತ್ತ ನೋಡುತ್ತಿರುತ್ತದೆ. ನಾನು ತುಟಿ ಕಚ್ಚಿ ಒಗ್ಗರಣೆ ಹಾಕುತ್ತೇನೆ.

ಎಷ್ಟು ದಿನ ತಡೆದುಕೊಂಡೆ ಎಂಬುದು ಮುಖ್ಯವಲ್ಲ. ಇಂದು ಸ್ವಲ್ಪ ತಡವಾದದ್ದಕ್ಕೆ ಗೋಡೆಯಾಚೆಯಿಂದ ವಾರಿಜಾಳ ದನಿ ಬಂತು:

"ಮೇಡಮ್, ಇವತ್ತು ಇನ್ನೂ ವನ್ಸ್ ಮೋರ್ ಆಗ್ಲಿಲ್ವಾ ಮಾರಾಯ್ರೆ? ಅದು ಕೇಳಿದ ಮೇಲೇ ನಾನು ಕುಕ್ಕರ್ ಇಡೋದು!"