ಚಂದ್ರಿಕೆ ಹತ್ತಿದ ಹದಿನೈದು ಆಟಗಾರರು

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಮೊದಲ ದಿನ ಸುಲಭ, ಮೂರನೆಯ ವಾರ ಕಷ್ಟ. ಅಷ್ಟರಲ್ಲಿ ನಾವು ಒಂದೆರಡು ಪದ ಕಲಿತಿರುತ್ತೇವೆ, ಒಂದಿಬ್ಬರಿಗೆ ಸಲಹೆಯನ್ನೂ ಕೊಟ್ಟುಬಿಟ್ಟಿರುತ್ತೇವೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಪಾಠ ಮಾಡಿರುವ ನಾನು ಫುಟ್‌ಬಾಲನ್ನು ಒಮ್ಮೆಯೂ ಒದ್ದವಳಲ್ಲ. ಕಾಲೇಜಿನ ಮೈದಾನ ದಾಟುವಾಗ ಒಮ್ಮೆ ಅದೇ ಬಂದು ನನ್ನ ಬೆನ್ನಿಗೆ ಬಡಿದಿತ್ತು. ನಮ್ಮಿಬ್ಬರ ಸಂಬಂಧ ಅಷ್ಟೇ. ಅಂಥವಳು ಹೋದ ವರ್ಷ ಐದು ತಿಂಗಳ ಕಾಲ, ಕಂಡು ಕೇಳರಿಯದ ಹದಿನೈದು ಜನ ವಿದೇಶಿ ಆಟಗಾರರ ಕಾಲುಗಳನ್ನೇ ನಂಬಿಕೊಂಡು ಕೂತಿದ್ದೆ.

ಕಾರಣ ಕ್ರೀಡಾಪ್ರೇಮವಲ್ಲ, ಶಿಬಿರ. ಚನ್ನಪಟ್ಟಣದ ನಮ್ಮ ಕಾಲೇಜಿನವರು ಪ್ರತಿ ಜನವರಿಯಲ್ಲಿ ಅರವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಯಾವುದಾದರೂ ಹಳ್ಳಿಯಲ್ಲಿ ಏಳು ದಿನ ಸೇವಾ ಶಿಬಿರ ನಡೆಸಬೇಕು. ಬೆಳಿಗ್ಗೆ ಚರಂಡಿ, ಮಧ್ಯಾಹ್ನ ಗಣ್ಯರ ಭಾಷಣ, ಸಂಜೆ ಒಂದೇ ಹಾಡಿಗೆ ಮೂರು ತಂಡಗಳ ನೃತ್ಯ, ಆಮೇಲೆ ಶಾಲೆಯ ನೆಲದ ಮೇಲೆ ಜಮಖಾನ. ಹಿಂದೊಮ್ಮೆ ಕನಕಪುರದಾಚೆ ಕೋಡಿಹಳ್ಳಿಯ ಕಡೆ ನಾನೇ ಶಿಬಿರಾಧಿಕಾರಿಯಾಗಿ ಹೋಗಿ ಬಂದು, ಒಂದು ತಿಂಗಳು ಸೊಂಟ ಹಿಡಿದುಕೊಂಡು ಓಡಾಡಿದ್ದೆ. ಇನ್ನೊಮ್ಮೆ ಹೋಗುವುದಿಲ್ಲವೆಂದು ಆಗಲೇ ತೀರ್ಮಾನಿಸಿದ್ದೆ. ಮಿಕ್ಕವರೂ ಹಾಗೇ ತೀರ್ಮಾನಿಸಿದ್ದರು. ಮೊದಲು ಚೀಟಿ ಎತ್ತುತ್ತಿದ್ದೆವು. ಒಂದು ವರ್ಷ ಯಾರೋ ಅನುಮಾನದಿಂದ ಉಳಿದ ಚೀಟಿಗಳನ್ನೂ ಬಿಚ್ಚಿ ನೋಡಿದಾಗ, ಎಲ್ಲದರಲ್ಲೂ ಅವತ್ತು ರಜೆ ಹಾಕಿದ್ದ ಕನ್ನಡ ಮೇಷ್ಟ್ರ ಹೆಸರೇ ಇತ್ತು. ಅಲ್ಲಿಗೆ ಚೀಟಿಯ ಮೇಲಿನ ನಂಬಿಕೆ ಹೋಯಿತು.

ಆಗ ದಾರಿ ತೋರಿಸಿದವಳು ವಾಣಿಜ್ಯ ವಿಭಾಗದ ನಸ್ರೀನ್. ಅವಳ ಮನೆಯವರದು ರೇಷ್ಮೆ ನೂಲು ತೆಗೆಯುವ ಕಸುಬು. ಅಣ್ಣತಮ್ಮಂದಿರೆಲ್ಲ ಫುಟ್‌ಬಾಲ್ ಹುಚ್ಚರು. ಅವರು ಫೋನಿನಲ್ಲಿ ಆಡುವ ಫ್ಯಾಂಟಸಿ ಫುಟ್‌ಬಾಲನ್ನು ನಾವೂ ಆಡೋಣ, ಜನವರಿಗೆ ಯಾರು ಕೊನೆಯಲ್ಲಿರುತ್ತಾರೋ ಅವರು ಶಿಬಿರಕ್ಕೆ ಹೋಗಲಿ ಎಂದಳು. ಅದರಲ್ಲಿ ಮೋಸ ಮಾಡಲಾಗುವುದಿಲ್ಲ ಎಂಬುದೇ ಅವಳ ಮುಖ್ಯ ವಾದ. ಎಂಟು ಜನ ಒಪ್ಪಿದೆವು. ಆಟ ಇಷ್ಟೇ: ದೂರದ ದೇಶದಲ್ಲಿ ನಿಜವಾಗಿ ಆಡುತ್ತಿರುವವರಲ್ಲಿ ಹದಿನೈದು ಜನರನ್ನು ನಾವು ಆರಿಸಿಕೊಳ್ಳಬೇಕು. ಅವರು ಅಲ್ಲಿ ಗೋಲು ಹೊಡೆದರೆ ಇಲ್ಲಿ ನಮಗೆ ಅಂಕ. ಒಬ್ಬನನ್ನು ನಾಯಕನೆಂದು ಗುರುತಿಸಬೇಕು, ಅವನ ಅಂಕ ಎರಡರಷ್ಟಾಗುತ್ತದೆ. ವಾರಕ್ಕೊಬ್ಬನನ್ನು ಬದಲಿಸಬಹುದು. ಏನು ಬದಲಿಸುವುದಿದ್ದರೂ ಶನಿವಾರ ಸಂಜೆ ನಾಲ್ಕೂವರೆಯೊಳಗೆ. ಇಷ್ಟು ಹೇಳಿ ನಸ್ರೀನ್, ‘ಸುಲಭ ಮೇಡಂ’ ಎಂದಳು. ಸುಲಭವೆಂದು ಯಾರಾದರೂ ಹೇಳಿದಾಗಲೆಲ್ಲ ನಾನು ಕೆಟ್ಟಿದ್ದೇನೆ.

ನಾನು ಆಟಗಾರರನ್ನು ಆರಿಸಿದ್ದು ಮುಖ ನೋಡಿ. ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತಿದ್ದಾಗ ಹೊಂಗನೂರಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲಿ ಕೂತು ಇಣುಕಿದಳು.

‘ಯಾರ್ಗವ್ವ ಗಂಡು ನೋಡ್ತಿದ್ದೀಯ? ಇಷ್ಟೊಂದ್ ಜನ ಅವ್ರೆ.’

ವಿಷಯ ಹೇಳಿದೆ. ಶಿಬಿರದ ಸೊಂಟನೋವಿಗೆ ಎಣ್ಣೆ ತಿಕ್ಕಿದ್ದವಳೇ ಅವಳಾದ್ದರಿಂದ ತಕ್ಷಣ ಗಂಭೀರಳಾದಳು. ರೇಷ್ಮೆಗೂಡನ್ನು ಬೆರಳಿನಲ್ಲಿ ಅಮುಕಿ ನೋಡುವ ಕಣ್ಣಿನಿಂದಲೇ ಎಲ್ಲರನ್ನೂ ನೋಡಿ, ಒಬ್ಬ ಗಡ್ಡದವನನ್ನು ತೋರಿಸಿ, ‘ಇವ್ನು ಗಟ್ಟಿಯಾಗವ್ನೆ. ಇವ್ನ್ನೇ ಯಜಮಾನ ಮಾಡು’ ಎಂದಳು. ಮಾಡಿದೆ. ಆ ವಾರ ಗಡ್ಡದವನು ಎರಡು ಗೋಲು ಹೊಡೆದ. ಸೋಮವಾರ ಸ್ಟಾಫ್ ರೂಮಿನ ಪಟ್ಟಿಯಲ್ಲಿ ನಾನೇ ಮೊದಲು. ಅವತ್ತು ನಸ್ರೀನಳಿಗೇ ಎರಡು ಸಲಹೆ ಕೊಟ್ಟೆನೆಂದು ನಾನು ದಿನವೂ ಬರೆಯುವ ಡೈರಿಯಲ್ಲಿದೆ. ಏನು ಸಲಹೆಯೆಂದು ಬರೆದಿಲ್ಲ, ಸದ್ಯ.

ಮುಂದಿನ ವಾರ ಯಾರನ್ನು ಬದಲಿಸಲಿ ಎಂದು ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ಹುಳ ಸಾಕಿದ್ದಾರೆ. ಮೇವು ಬಿಟ್ಟು ಹಣ್ಣಾದ ಹುಳವನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ, ಅಂದರೆ ಸುರುಳಿ ಹೆಣಿಗೆಯ ಆ ಬಿದಿರಿನ ತಟ್ಟಿಗೆ, ಬಿಟ್ಟ ಮೇಲೆ ಆ ಕೋಣೆಗೆ ಯಾರೂ ಸುಮ್ಮನೆ ಕಾಲಿಡುವಂತಿಲ್ಲ. ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ. ಮಕ್ಕಳಾಗಿದ್ದಾಗ ನಾವು ಆ ದಿನಗಳಲ್ಲಿ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದೆವೆಂದು ನನ್ನ ನೆನಪು. ಅಣ್ಣನ ನೆನಪಿನಲ್ಲಿ ನಾನು ಕಿರುಚುತ್ತಿದ್ದೆ. ಅದಿರಲಿ. ಅಮ್ಮ ಹೇಳಿದ್ದು: ‘ಚಂದ್ರಿಕೆಗೆ ಬುಟ್ಮೇಲೆ ಕೈ ಇಕ್ಬಾರ್ದು ಕಣವ್ವ. ಸುಮ್ಕೆ ಬುಟ್ಬುಡು, ಅವೇ ಕಟ್ತವೆ.’

ಸುಮ್ಮನೆ ಬಿಟ್ಟೆ. ಎಂದಾದರೊಮ್ಮೆ ಬಿಟ್ಟರೆ ಫೋನ್ ತೆರೆದೂ ನೋಡಲಿಲ್ಲ. ಬೇರೆಯವರು ಪ್ರತಿ ಶುಕ್ರವಾರ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಿಕೊಳ್ಳುವ ಗಡಿಬಿಡಿಯನ್ನು ಕಂಡು, ತಾಳ್ಮೆಯಿಲ್ಲದ ಜನ ಎಂದು ಮರುಗಿದೆ. ನನ್ನ ಸ್ಥಾನ ಮೊದಲನೆಯದರಿಂದ ನಾಲ್ಕಕ್ಕೆ, ನಾಲ್ಕರಿಂದ ಏಳಕ್ಕೆ ಇಳಿದಾಗಲೂ, ಗೂಡು ಕಟ್ಟಲು ಸಮಯ ಬೇಕು ಎಂದುಕೊಂಡೆ. ದಸರಾ ರಜೆ ಮುಗಿಸಿಕೊಂಡು ಬಂದ ಮೇಲೆ ನಸ್ರೀನ್ ತಡೆಯಲಾರದೆ ಹೇಳಿದಳು, ನನ್ನ ಗಡ್ಡದವನು ಕಾಲು ಮುರಿದುಕೊಂಡು ಆರು ವಾರವಾಯಿತೆಂದು. ಅವನ ಹೆಸರಿನ ಪಕ್ಕದಲ್ಲಿ ಒಂದು ಕೆಂಪು ಗುರುತಿತ್ತು. ನಾಯಕನಿಗೆ ಕೊಡುವ ಗೌರವದ ಬೊಟ್ಟು ಅದೆಂದು ನಾನು ತಿಳಿದಿದ್ದೆ.

ಮನೆಗೆ ಹೋಗಿ ಹೊಸ ನಾಯಕನನ್ನು ಆರಿಸಿ, ‘ಇಂದು ನಾಯಕನನ್ನು ಬದಲಿಸಿದೆ’ ಎಂದು ಡೈರಿಯಲ್ಲಿ ಬರೆದು ಮಲಗಿದೆ. ಹೊಸಬ ಮೂರು ಗೋಲು ಹೊಡೆದ. ಸೋಮವಾರ ಬಂದು ನೋಡಿದರೆ ಫೋನಿನಲ್ಲಿ ಮುರಿದ ಕಾಲಿನವನೇ ನಾಯಕ! ನಾನು ಮನೆಗೆ ಹೋಗಿ ಡೈರಿ ತಂದು ಎಲ್ಲರ ಮುಂದೆ ಇಟ್ಟೆ. ರಾಜ ತನ್ನ ಬಗ್ಗೆ ತಾನೇ ಕೆತ್ತಿಸಿದ ಶಾಸನವನ್ನು ಇನ್ನೊಂದು ಆಧಾರವಿಲ್ಲದೆ ನಂಬಬಾರದೆಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುವವಳು ನಾನೇ.

‘ಮೇಡಂ, ಡೈರೀಲಿ ಬರೆದ್ರೆ ಸೇವ್ ಆಗಲ್ಲ. ಕೆಳಗಡೆ ಒಂದು ಬಟನ್ ಇದೆ, ಅದನ್ನ ಒತ್ಬೇಕು’ ಎಂದಳು ನಸ್ರೀನ್, ಬಹಳ ವಿನಯದಿಂದ.

ಕೊನೆಯ ವಾರದ ಹೊತ್ತಿಗೆ ತಳದಲ್ಲಿ ಇಬ್ಬರು ಉಳಿದೆವು. ನಾನು ಎಂಟನೆಯವಳು. ನನಗಿಂತ ಆರು ಅಂಕ ಮೇಲೆ ನಮ್ಮ ದೈಹಿಕ ಶಿಕ್ಷಣದ ಪುಟ್ಟಸ್ವಾಮಿ ಸರ್. ವಿರೂಪಾಕ್ಷಿಪುರದವರು, ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಮಂಡಿಗೆ ಸದಾ ಮುಲಾಮು. ಕನ್ನಡಕ ಹಾಕಿದರೂ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ವಾರವಾರವೂ ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು. ಆ ಶನಿವಾರವೂ ಮಧ್ಯಾಹ್ನ ಪಾಠ ಮುಗಿದ ಮೇಲೆ ಫೋನನ್ನು ನನ್ನ ಕೈಗಿಟ್ಟು, ‘ಒಸಿ ನೋಡ್ಬುಡಿ ಮೇಡಮ್ಮೋರೆ. ನಮ್ಮೋರೆಲ್ಲ ಸರಿಯಾಗವ್ರಾ?’ ಎಂದರು.

ಅವರ ನಾಯಕನ ಪಕ್ಕದಲ್ಲಿ ಕೆಂಪು ಗುರುತಿತ್ತು. ಈಗ ನನಗೆ ಅದರ ಅರ್ಥ ಗೊತ್ತಿತ್ತು.

ಮುಂದೆ ನಡೆದದ್ದನ್ನು ಎಚ್ಚರಿಕೆಯಿಂದ ಹೇಳಬೇಕು. ನನಗೆ ನೆನಪಿರುವಂತೆ, ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಾಂಶುಪಾಲರು ಕರೆದರು. ಡೈರಿಯಲ್ಲಿ, ‘ಪುಟ್ಟಸ್ವಾಮಿ ಸರ್ ಏನೋ ಕೇಳಿದರು, ಅಷ್ಟರಲ್ಲಿ ನನ್ನ ಬಸ್ಸಿಗೆ ಹೊತ್ತಾಯಿತು’ ಎಂದಿದೆ. ಹಾಜರಿ ಪುಸ್ತಕದ ಪ್ರಕಾರ ಅವತ್ತು ಪ್ರಾಂಶುಪಾಲರು ರಜೆಯಲ್ಲಿದ್ದರು. ನನ್ನ ಮನೆ ಕಾಲೇಜಿನಿಂದ ನಡೆದರೆ ಹತ್ತು ನಿಮಿಷ. ನಾನು ಬಸ್ಸು ಹತ್ತುವುದೇ ಇಲ್ಲ. ಎರಡು ಆಧಾರಗಳೂ ಹೀಗೆ ಬಿದ್ದುಹೋದ ಮೇಲೆ ಉಳಿಯುವುದು, ‘ಎಲ್ಲಾ ಸರಿಯಾಗಿದೆ ಸರ್’ ಎಂದು ನಾನು ಹೇಳಿದ ಸಾಧ್ಯತೆ ಮಾತ್ರ.

ಎರಡು ಅಂಕಗಳಿಂದ ನಾನು ಉಳಿದುಕೊಂಡೆ. ಪುಟ್ಟಸ್ವಾಮಿ ಸರ್ ಮಾಗಡಿ ಕಡೆಯ ಹಳ್ಳಿಯೊಂದಕ್ಕೆ ಶಿಬಿರಕ್ಕೆ ಹೋದರು. ಆ ಏಳು ದಿನ ನಾನು ಮನೆಯ ಹಾಸಿಗೆಯಲ್ಲಿ ಮಲಗಿದ್ದೆ, ನಿದ್ದೆ ಅಷ್ಟಾಗಿ ಬರಲಿಲ್ಲ. ಅವರ ಮಂಡಿ, ಶಾಲೆಯ ತಣ್ಣನೆಯ ನೆಲ, ಇವೇ ಕಣ್ಣ ಮುಂದೆ. ವಾಪಸ್ಸು ಬಂದವರು ಕುಂಟುತ್ತಿರಲಿಲ್ಲ. ಬಿಸಿಲಿಗೆ ಕಪ್ಪಾಗಿ, ಐದು ವರ್ಷ ಚಿಕ್ಕವರಾದಂತೆ ಕಂಡರು. ನೇರ ನನ್ನ ಮೇಜಿನ ಬಳಿ ಬಂದು, ಒಂದು ಕೈಚೀಲದ ತುಂಬ ಸೊನೆ ಸೊನೆಯಾದ ಅವರೆಕಾಯಿ ಇಟ್ಟರು. ತಡೆಯಲಾಗಲಿಲ್ಲ, ಸರ್, ಆ ಶನಿವಾರ ನಿಮ್ಮ ನಾಯಕ, ಎಂದು ತೊದಲಿದೆ.

‘ಬಿದ್ದಿದ್ದ, ಅಲ್ವಾ? ಗೊತ್ತಿತ್ತು ಕಣ್ರಮ್ಮ. ಬೆಳಿಗ್ಗೇನೇ ನಸ್ರೀನ್ ಹೇಳುದ್ರು. ರಿಟೈರ್ ಆಗೋಕ್ ಮುಂಚೆ ಒಂದ್ಸಲ ಮಕ್ಕಳ್ ಜೊತೆ ಹೋಗ್ಬರಾನ ಅಂತ ಆಸೆ ಇತ್ತು. ಬಾಯ್ಬುಟ್ಟು ಕೇಳಿದ್ರೆ ಮನೇಲಿ ಬುಡ್ತಿರ್ಲಿಲ್ಲ.’

ನನಗೆ ಉಸಿರು ಬಂತು. ಹಾಗಾದರೆ ನನ್ನನ್ನು ಕೇಳಿದ್ದೇಕೆ ಎಂದೆ.

ಅವರು ಚೀಲದ ಕಡೆ ನೋಡಿದರು. ‘ವಾರವಾರ್ವೂ ಕೇಳ್ತಿದ್ನಲ್ಲ, ಸುಮ್ಕೆ ಕೇಳ್ದೆ. ನೀವೇನಾರ ನಿಜ ಹೇಳ್ಬುಟ್ರೆ ಬದ್ಲಾಯಿಸ್ಬೇಕಾಯ್ತದಲ್ಲ ಅಂತ ಒಸಿ ಭಯ ಇತ್ತು.’

ಇಷ್ಟು ಹೇಳಿ ಮೈದಾನಕ್ಕೆ ಹೋದರು. ಬಯ್ದಿದ್ದರೆ ಬರೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವತ್ತು ಸಂಜೆ ಡೈರಿ ತೆರೆದು ಬಹಳ ಹೊತ್ತು ಕೂತೆ. ಈ ಪ್ರಬಂಧಕ್ಕಾಗಿ ಈಗ ಆ ಪುಟ ತೆಗೆದು ನೋಡಿದರೆ ಅಲ್ಲಿರುವುದು ಒಂದೇ ಸಾಲು: ‘ಹಿತಕಿದವರೆ ಸಾರು ಸೊಗಸಾಗಿತ್ತು. ಬೇರೇನೂ ವಿಶೇಷವಿಲ್ಲ.’